ಐಟಿಐ ಕಪ್ಪು, ಕಿಕ್‌ಸ್ಟಾರ್ಟ್ ಹುಡುಗಿಯರು

ಟಿನ್ ಫ್ಯಾಕ್ಟರಿ ಅಂದ್ರೆ ನಮ್ಮಲ್ಲಿ ಯಾರಿಗೂ ಕಾರ್ಖಾನೆ ನೆನಪಾಗೋದಿಲ್ಲ, ಟ್ರಾಫಿಕ್ ನೆನಪಾಗುತ್ತೆ. ಆದರೆ ಅಲ್ಲಿಂದ ಕೆ.ಆರ್. ಪುರದ ತೂಗುಸೇತುವೆ ದಾಟಿದರೆ ದೂರವಾಣಿನಗರದ ಐಟಿಐ ಸಿಗುತ್ತೆ. ದೇಶದ ಕ್ಲಬ್‌ಗಳಿಗಾಗಿ ಫೆಡರೇಷನ್ ಕಪ್ ಶುರುವಾದ ಮೊದಲ ವರ್ಷ, ಅಂದರೆ 1977ರಲ್ಲಿ, ಕೇರಳದಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಾಗಾನ್‌ ತಂಡವನ್ನು 1–0 ಗೋಲಿನಿಂದ ಸೋಲಿಸಿ ಕಪ್ ಎತ್ತಿದ್ದು ಇದೇ ಟೆಲಿಫೋನ್ ಕಾರ್ಖಾನೆಯ ತಂಡ.

ಆ ತಂಡವನ್ನು ಸಾಕಿದ್ದು ಟಿಕೆಟ್ ದುಡ್ಡಲ್ಲ. ಆಟಗಾರನಿಗೆ ಕಾರ್ಖಾನೆಯಲ್ಲಿ ಕೆಲಸ, ತಿಂಗಳಿಗೆ ಸಂಬಳ, ಪ್ರಾಕ್ಟೀಸಿಗೆ ಬಿಡುವು. ಮಂಡಿ ಪೆಟ್ಟಾಗಿ ಕೂತರೂ ಒಂದನೇ ತಾರೀಕು ಸಂಬಳ ಬರುತ್ತೆ. ಬೂಟು ಬಿಚ್ಚಿದ ಮೇಲೂ ನೌಕರಿ ಇರುತ್ತೆ. ಪಕ್ಕದ ಎಚ್‌ಎಎಲ್ ತಂಡವೂ ಹೀಗೇ ಐ-ಲೀಗ್‌ವರೆಗೆ ಹೋಯಿತು. ತಂಡ ಲಾಭ ತರುತ್ತಾ ಅಂತ ಯಾರಾದರೂ ಕೇಳಿದ್ದರೆ ಬೆಂಗಳೂರಿನ ಪೂರ್ವ ಭಾಗದ ಫುಟ್ಬಾಲ್ ಅವತ್ತೇ ಮುಗೀತಿತ್ತು. ಅದೇ ಐಟಿಐನಲ್ಲಿ ಫೋನ್ ಜೋಡಿಸುವ ಕೆಲಸದಲ್ಲಿ ಹೆಂಗಸರು ಬೇಕಾದಷ್ಟು ಜನ ಇದ್ದರು. ಕಪ್ ಗೆದ್ದ ತಂಡ ಮಾತ್ರ ಗಂಡಸರದ್ದು.

ಈಗ ಹೆಂಗಸರ ಫುಟ್ಬಾಲ್ ವಿಷಯ ಎತ್ತಿ ನೋಡಿ. "ಮೊದಲು ಜನ ಬರಲಿ ಗುರು, ಆಮೇಲೆ ದುಡ್ಡು ಹಾಕೋಣ" ಅಂತಾನೆ ನಮ್ಮ ಟೀಮಿನ ಒಬ್ಬ. ಕೆಟ್ಟವನಲ್ಲ, ಎಕ್ಸೆಲ್ ಶೀಟಿನ ಮನುಷ್ಯ.

ಜನ ಬಂದಿದ್ದರು, ಅದೂ ನೂರು ವರ್ಷದ ಹಿಂದೆ. ಇಂಗ್ಲೆಂಡಿನ ಪ್ರೆಸ್ಟನ್ ಊರಿನಲ್ಲಿ ಡಿಕ್, ಕೆರ್ ಅನ್ನೋ ಕಾರ್ಖಾನೆ. ಮೊದಲ ಮಹಾಯುದ್ಧದಲ್ಲಿ ಅಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹುಡುಗಿಯರು ಒಂದು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಸೇರಿದವರು ಸುಮಾರು 53,000 ಜನ. ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ ಹೇಳಿ ತನ್ನ ಕ್ಲಬ್‌ಗಳ ಮೈದಾನ ಅವರಿಗೆ ಮುಚ್ಚಿಬಿಟ್ಟಿತು. ಬಾಗಿಲು ಮತ್ತೆ ತೆರೆಯೋಕೆ ಹೆಚ್ಚುಕಡಿಮೆ ಐವತ್ತು ವರ್ಷ ಹಿಡಿಯಿತು. ಮೈದಾನಕ್ಕೆ ಬೀಗ ಹಾಕಿ, ಆಮೇಲೆ "ಯಾರೂ ನೋಡಲ್ಲ" ಅಂದರೆ ಹೇಗೆ?

ನಮ್ಮಲ್ಲಿ ಬೀಗ ಹಾಕಲಿಲ್ಲ, ಮರೆತುಬಿಟ್ಟರು. 1975ರಲ್ಲಿ ಹೆಂಗಸರಿಗೇ ಒಂದು ಪ್ರತ್ಯೇಕ ಫೆಡರೇಷನ್ ಆಯಿತು. 1980ರಲ್ಲಿ ಕೋಯಿಕ್ಕೋಡ್‌ನಲ್ಲಿ, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಏಷ್ಯಾ ಮಟ್ಟದ ಫೈನಲ್‌ಗೆ ಹೋಗಿ ಸೋತಿತು. ಫೈನಲ್, ಸ್ವಾಮಿ! ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ತಲೆಮಾರಿನವರು. ಗಂಡಸರಿಗೆ 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, ಹೆಂಗಸರಿಗೆ ಅದಾಗಿ ಇಪ್ಪತ್ತು ವರ್ಷಕ್ಕೆ, 2016–17ರ ಸೀಸನ್‌ನಲ್ಲಿ.

2020ರ ಫೆಬ್ರವರಿ 14ರಂದು ಆ ಲೀಗಿನ ಫೈನಲ್ ನಮ್ಮ ಅಶೋಕನಗರದ ಸ್ಟೇಡಿಯಂನಲ್ಲೇ ನಡೆಯಿತು. ಗೋಕುಲಂ ಕೇರಳ 3–2ರಿಂದ ಗೆದ್ದಿತು. 2023ರಲ್ಲಿ ನಮ್ಮೂರಿನ ಕಿಕ್‌ಸ್ಟಾರ್ಟ್ ಎಫ್‌ಸಿಯೇ ಫೈನಲ್ ಮುಟ್ಟಿತು. ಅಹಮದಾಬಾದಿನಲ್ಲಿ ಅದೇ ಗೋಕುಲಂ ಎದುರು 5–0, ಸರಿಯಾಗಿ ಬಡಿಸಿಕೊಂಡರು. ನನಗೆ ಸ್ಕೋರಿಗಿಂತ ಕ್ಯಾಲೆಂಡರ್ ಚುಚ್ಚಿತು. ಇಡೀ ಲೀಗ್ ಏಪ್ರಿಲ್ ಕೊನೆಗೆ ಶುರುವಾಗಿ ಮೇ 21ಕ್ಕೆ ಮುಗಿದಿತ್ತು. ಉಳಿದ ಹನ್ನೊಂದು ತಿಂಗಳು ಆ ಹುಡುಗಿ ಏನು ತಿನ್ನಬೇಕು?

ಅದೇ ವರ್ಷ ಎಐಎಫ್‌ಎಫ್ ಒಂದು ನಿಯಮ ತಂದಿತು. ಲೀಗಿನ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ಕೊಡಬೇಕು. ಅಂದರೆ ತಿಂಗಳಿಗೆ 27 ಸಾವಿರದೊಳಗೆ, ನಮ್ಮ ಕಡೆ ಫ್ರೆಶರ್‌ಗೆ ಕೊಡೋ ಪ್ಯಾಕೇಜ್. ಹತ್ತು ಯಾಕೆ, 25 ಜನಕ್ಕೂ ಅಷ್ಟೇ ಕೊಟ್ಟರೆ 80 ಲಕ್ಷ ಆಗುತ್ತೆ. ಐಎಸ್‌ಎಲ್‌ನಲ್ಲಿ ಗಂಡಸರ ತಂಡದ ಸಂಬಳಕ್ಕೆ ಹಲವು ಸೀಸನ್ ಇದ್ದ ಮಿತಿ 16.5 ಕೋಟಿ. ಅದರಲ್ಲಿ ಇದು ನೂರಕ್ಕೆ ಐದೂ ಇಲ್ಲ.

ಗಂಡಸರ ಆಟ ಮಾತ್ರ ತನ್ನ ಕಾಲ ಮೇಲೆ ನಿಂತಿದೆಯಾ? 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತೋ ಇಲ್ವೋ ಗೊತ್ತಿಲ್ಲದೆ, ಬೆಂಗಳೂರು ಎಫ್‌ಸಿ ತನ್ನ ಸೀನಿಯರ್ ತಂಡದ ಸಂಬಳವನ್ನೇ ತಡೆಹಿಡಿಯಿತು. ಆ ಕ್ಲಬ್ಬಿನ ಹಿಂದೆ ಇರೋದು ಜೆಎಸ್‌ಡಬ್ಲ್ಯು. ಐಟಿಐ ಕಾಲದಲ್ಲಿ ಸರ್ಕಾರಿ ಕಾರ್ಖಾನೆ ಹೊತ್ತಿದ್ದನ್ನು ಇವತ್ತು ಖಾಸಗಿ ಉಕ್ಕಿನ ಕಂಪನಿ ಹೊರುತ್ತಿದೆ, ಅಷ್ಟೇ ವ್ಯತ್ಯಾಸ. ಅದಕ್ಕೆ ಒಂದು ತಿಂಗಳು ಹಿಂದೆ, 2025ರ ಜುಲೈನಲ್ಲಿ, ನಮ್ಮ ಹೆಂಗಸರು ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದಿದ್ದರು.

ಹಾಗಾಗಿ ಕ್ಲಬ್‌ಗಳಿಗೆ ನಾನು ಹೇಳೋದು ಹಳೇ ಐಟಿಐ ಲೆಕ್ಕವನ್ನೇ. ಹೆಂಗಸರ ತಂಡದ ಖರ್ಚು ಮಿಕ್ಕಿದ ದುಡ್ಡಿನಿಂದ ಬೇಡ, ಬಜೆಟ್ ಬರೆಯುವಾಗಲೇ ತೆಗೆದಿಡಿ. ಹನ್ನೆರಡು ತಿಂಗಳ ಕಾಂಟ್ರಾಕ್ಟ್, ಪೆಟ್ಟಾದರೂ ಸಂಬಳ, ಗಂಡಸರಿಗೆ ಇರುವ ಅದೇ ಫಿಸಿಯೋ. ಇಷ್ಟು ಸಾಕು ಶುರುವಿಗೆ. ಟಿನ್ ಫ್ಯಾಕ್ಟರಿಯಿಂದ ವೈಟ್‌ಫೀಲ್ಡ್‌ವರೆಗೆ ಸಾಲಾಗಿ ನಿಂತಿರುವ ಟೆಕ್ ಪಾರ್ಕುಗಳೇ ಇವತ್ತಿನ ಕಾರ್ಖಾನೆಗಳು. ಅವು ಇಬ್ಬರು ಮೂವರು ಆಟಗಾರ್ತಿಯರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೊಟ್ಟರೆ ಕ್ಲಬ್ಬಿನ ಹೊರೆಯೂ ಇಳಿಯುತ್ತೆ.

ನಮ್ಮ ಆಫೀಸಿನ ಸಿಎಸ್‌ಆರ್ ಟೀಮಿಗೆ ಇದನ್ನೇ ಬರೆದು ಕಳಿಸಿದ್ದೆ. ಮಾರ್ಚ್ 8ಕ್ಕೆ ಒಂದು ಎಕ್ಸಿಬಿಷನ್ ಮ್ಯಾಚ್ ಇಡಬಹುದು, ಟೀ ಶರ್ಟ್ ಕೊಡಬಹುದು ಅಂತ ಉತ್ತರ ಬಂದಿದೆ. ಮ್ಯಾಚ್ ಆಗಲಿ ಒಳ್ಳೇದು, ಕೆಲಸದ ವಿಷಯ ಏನಾಯಿತು ಅಂತ ಮತ್ತೆ ಬರೆದಿದ್ದೇನೆ.