ಸಾಲುಮರಗಳು ಹೇಳುವ ಇತಿಹಾಸ



ಇತಿಹಾಸವೆಂದೊಡನೆ ನಿಮಗೆ ಕೋಟೆ, ಯುದ್ಧ, ರಾಜವಂಶಗಳು ನೆನಪಾಗುತ್ತವೆ. ಆದರೆ ನಿಮ್ಮ ಬೀದಿಯ ಹೊಂಗೆಮರಕ್ಕೂ ಒಂದು ಇತಿಹಾಸವಿದೆ. ಅದನ್ನು ಯಾರೋ ಆರಿಸಿದರು, ಯಾರೋ ನೆಟ್ಟರು, ಯಾರೋ ನೀರೆರೆದು ಉಳಿಸಿದರು. ಈ ಮೂರರಲ್ಲಿ ಯಾವುದು ಹೆಚ್ಚು ಕಷ್ಟದ ಕೆಲಸ? ಯೋಚಿಸುತ್ತಾ ಮುಂದೆ ಓದಿ.

ದಾರಿಹೋಕರಿಗೆ ನೆರಳು ಒದಗಿಸುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ಪದ್ಧತಿ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿ ತನ್ನ ಸ್ತಂಭಶಾಸನದಲ್ಲಿ ಬರೆಸಿದ್ದಾನೆ.

ಇನ್ನು ಬೆಂಗಳೂರಿಗೆ ಬರೋಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನಿಯ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಹೀಗೆ ವರ್ಷವಿಡೀ ಯಾವುದಾದರೂ ಬೀದಿ ಹೂತಿರಬೇಕು ಎಂಬುದು ಅವರ ಯೋಜನೆ. ಬೇಸಿಗೆಯಲ್ಲಿ ಕೆಂಪಾಗಿ ಹೂಬಿಡುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ನೀಲಿ ಹೂವಿನ ಜಕರಾಂಡ ದಕ್ಷಿಣ ಅಮೆರಿಕದ್ದು. ನಮ್ಮ ಬೀದಿಗಳಲ್ಲಿ ದೂರದೇಶದ ಮರಗಳೂ ಊರಿನವೇ ಆಗಿಹೋಗಿವೆ.

1980ರ ದಶಕದಲ್ಲಿ ನಗರ ಬೆಳೆದು ಹೊಸ ಬಡಾವಣೆಗಳು ಹುಟ್ಟಿಕೊಂಡವು. ಅಲ್ಲಿನ ಬೋಳು ಬೀದಿಗಳಿಗೆ ಹಸಿರು ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್. ಅವರ ಕಾಲದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಬೀದಿಯ ಸಸಿಗೆ ದನಕರುಗಳ ಕಾಟ ತಪ್ಪದು. ಆದುದರಿಂದ ಎತ್ತರಕ್ಕೆ ಬೆಳೆದ ಸಸಿ ಬೇಕು, ಸುತ್ತ ಬೇಲಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎದುರು ಮನೆಯವರು ಅದನ್ನು ತಮ್ಮದೆಂದು ನೋಡಿಕೊಳ್ಳಬೇಕು. ಈ ಕಾರ್ಯದಲ್ಲಿ ಅವರು ನಾಗರಿಕರನ್ನೂ ಜೊತೆಗೂಡಿಸಿಕೊಂಡರು.

ಇತ್ತ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಸರ್ಕಾರದ ಯಾವ ಯೋಜನೆಯೂ ಇಲ್ಲದೆ ಇಂಥದೇ ಕೆಲಸ ನಡೆದಿತ್ತು. ಮಕ್ಕಳಿಲ್ಲದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಕೂಲಿ ಮಾಡಿ ಬದುಕುತ್ತಿದ್ದವರು. ಹುಲಿಕಲ್-ಕುದೂರು ರಸ್ತೆಯಲ್ಲಿ ಅವರು ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಸಾಕಿದರು. ಹೀಗೆ ಬೆಳೆದ ಮರಗಳು 385 ಎಂದು ಲೆಕ್ಕ. ಓದು ಬಾರದ ಆ ತಾಯಿಗೆ ಜನರೇ 'ಸಾಲುಮರದ' ಎಂಬ ಬಿರುದು ಕೊಟ್ಟರು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲಗೊಳಿಸುವ ಯೋಜನೆಯಿಂದ ಆ ಮರಗಳಿಗೆ ಆಪತ್ತು ಒದಗಿದಾಗ, ನೂರು ದಾಟಿದ ಆಕೆ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೊಳೆದಿರಬೇಕು. ನೆಡುವುದು ಒಂದು ದಿನದ ಕೆಲಸ. ಉಳಿಸುವುದು ತಲೆಮಾರುಗಳ ಕೆಲಸ. ಮರ ಕಡಿಯಲು ಅನುಮತಿ ಬೇಕೆನ್ನುವ ಕಾನೂನು ಕರ್ನಾಟಕದಲ್ಲಿ 1976ರಿಂದಲೂ ಇದೆ. ಆದರೆ ಬೇಸಿಗೆಯಲ್ಲಿ ಒಂದು ಕೊಡ ನೀರು ತರುವ ಕೈಗಳನ್ನು ಯಾವ ಕಾನೂನೂ ಸೃಷ್ಟಿಸಲಾರದು.

ಈ ವಾರ ನಿಮ್ಮ ಬೀದಿಯ ಮರಗಳನ್ನು ಎಣಿಸಿ, ಅವುಗಳ ಹೆಸರು ಬರೆದುಕೊಳ್ಳಿ. ಅವನ್ನು ನೆಟ್ಟವರಾರೆಂದು ಮನೆಯ ಹಿರಿಯರನ್ನು ಕೇಳಿ. ಮುಂಬರುವ ಮಳೆಗಾಲದಲ್ಲಿ ಒಂದೇ ಒಂದು ಸಸಿ ನೆಟ್ಟರೂ ಸಾಕು. ಅದರ ಮುಂದಿನ ಬೇಸಿಗೆಗೆ ಅದರ ಬುಡದಲ್ಲಿ ನೀವಿರಬೇಕು.