ಸುಡದ ಫ್ಯೂಸಿನ ಸಾಕ್ಷ್ಯ: ಗಣಿ ಡಂಪರುಗಳ ವೈರಿಂಗಿನಲ್ಲಿ ಸರಣಿ ಆರ್ಕ್

ನಾಗಪುರ ಜಿಲ್ಲೆಯ ಉಮರೇಡ್‌ನಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ತೆರೆದ ಕಲ್ಲಿದ್ದಲು ಗಣಿಗಳಿವೆ. ಇಂಥ ಗಣಿಗಳಲ್ಲಿ ದುಡಿಯುವ ಭಾರೀ ಡಂಪರುಗಳ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟಿನದು. ನಮ್ಮ ಮೈಸೂರಿನ ಬಿಇಎಂಎಲ್ ಘಟಕದಲ್ಲಿ ತಯಾರಾಗುವ ಡಂಪರುಗಳೂ ಇದಕ್ಕೆ ಹೊರತಲ್ಲ. ವಾಹನ ಸುಟ್ಟಾಗ ತನಿಖೆಯಲ್ಲಿ ಒಂದು ತರ್ಕ ಸುಲಭವಾಗಿ ನುಸುಳುತ್ತದೆ: ಫ್ಯೂಸ್ ಸುಟ್ಟಿಲ್ಲ, ಆದ್ದರಿಂದ ಅದು ಕಾಯುವ ವೈರಿನಿಂದ ಬೆಂಕಿ ಹುಟ್ಟಿಲ್ಲ. ಇದನ್ನು ನಾನು ಒಪ್ಪಲಾರೆ.

ತಾಮ್ರದ ಸಂಪರ್ಕಗಳ ನಡುವೆ ಆರ್ಕ್, ಅಂದರೆ ಸಂದಿಯನ್ನು ದಾಟಿ ಹರಿಯುತ್ತಲೇ ಇರುವ ವಿದ್ಯುತ್ ಕಿಡಿ, ನಿಲ್ಲಲು ಕನಿಷ್ಠ 13 ವೋಲ್ಟ್, 0.43 ಆಂಪಿಯರ್ ಬೇಕೆಂಬುದು ವಿದ್ಯುತ್ ಸಂಪರ್ಕಗಳನ್ನು ಅಧ್ಯಯನ ಮಾಡಿದ ರಾಗ್ನರ್ ಹೋಲ್ಮ್ ಅವರ ಕಾಲದಿಂದ ಒಪ್ಪಿತವಾದದ್ದು. ವಾಹನಗಳಲ್ಲಿ ಆರ್ಕ್ ಗೌಣ, ಶಾರ್ಟ್ ಸರ್ಕ್ಯೂಟನ್ನು ಫ್ಯೂಸ್ ನೋಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಬುನಾದಿ ಇದೇ. 12 ವೋಲ್ಟಿನ ಕಾರಿನ ಮಟ್ಟಿಗೆ ಅದರಲ್ಲಿ ಹುರುಳಿದೆ. ಆಲ್ಟರ್ನೇಟರ್ ಓಡುವಾಗ ಸಿಗುವ 14 ವೋಲ್ಟಿನಲ್ಲಿ 13 ಆರ್ಕಿಗೇ ಹೋದರೆ ಲೋಡಿಗೆ ಉಳಿಯುವುದು ಒಂದೇ. ಹತ್ತು ಆಂಪಿಯರಿನ ಲೋಡಿನಲ್ಲೂ ಪ್ರವಾಹ 0.7 ಆಂಪಿಯರಿಗೆ ಇಳಿಯುತ್ತದೆ. ಆರ್ಕಿನಲ್ಲಿ ವ್ಯಯವಾಗುವುದು ಸುಮಾರು 9 ವ್ಯಾಟ್.

ಡಂಪರಿನಲ್ಲಿ ಲೆಕ್ಕವೇ ಬೇರೆ. ಆಲ್ಟರ್ನೇಟರ್ ಓಡುವಾಗ ಅಲ್ಲಿ ಸಿಗುವುದು 28 ವೋಲ್ಟ್. ಹತ್ತು ಆಂಪಿಯರಿನ ಲೋಡಿನ ರೋಧ 2.8 ಓಮ್, ಅದಕ್ಕೆ 15 ಆಂಪಿಯರಿನ ಫ್ಯೂಸ್ ಎಂದಿಟ್ಟುಕೊಳ್ಳೋಣ. ಅದುರಿ ಅದುರಿ ಟರ್ಮಿನಲ್ ಸಡಿಲಾಗಿ ಅಲ್ಲಿ ಲೋಡಿನೊಂದಿಗೆ ಸರಣಿಯಲ್ಲಿ ಆರ್ಕ್ (ಸರಣಿ ಆರ್ಕ್) ಹೊತ್ತಿಕೊಂಡರೆ, ಅದರ 13 ವೋಲ್ಟ್ ಕಳೆದು ಲೋಡಿಗೆ 15 ವೋಲ್ಟ್ ಉಳಿಯುತ್ತದೆ, ಪ್ರವಾಹ 5.4 ಆಂಪಿಯರ್. ಕೂದಲೆಳೆಯಷ್ಟು ಸಂದಿಯಲ್ಲಿ ಸುಮಾರು 70 ವ್ಯಾಟ್ ಶಾಖ ಹುಟ್ಟುತ್ತಿರುವಾಗಲೇ ಫ್ಯೂಸಿನ ಮೂಲಕ ಎಂದಿನದಕ್ಕಿಂತ ಕಡಿಮೆ ಪ್ರವಾಹ ಹರಿಯುತ್ತಿರುತ್ತದೆ. ಅದು ಸುಡಲು ಕಾರಣವೇ ಇಲ್ಲ. ಏಕಮುಖ ಪ್ರವಾಹವಾದ್ದರಿಂದ, ಮನೆಯ ವಿದ್ಯುತ್ತಿನಲ್ಲಿ ಆಗುವಂತೆ ಪ್ರವಾಹ ಕ್ಷಣಕ್ಷಣಕ್ಕೂ ಶೂನ್ಯಕ್ಕಿಳಿದು ಆರ್ಕ್ ಆರುವ ಅವಕಾಶವೂ ಇಲ್ಲ.

ಈ ಲೆಕ್ಕಕ್ಕೆ ಮಿತಿಗಳಿವೆ. ಸಂದಿ ಅಗಲವಾದಂತೆ ಆರ್ಕಿಗೆ ಹೆಚ್ಚು ವೋಲ್ಟ್ ಬೇಕಾಗಿ ಅದು ಆರಬಹುದು. ಲೋಡ್ ಬಲ್ಬಾಗಿದ್ದರೆ ಅದರ ರೋಧ ಸ್ಥಿರವಲ್ಲ. 70 ವ್ಯಾಟ್ ಪೂರ್ತಿಯಾಗಿ ವೈರಿನ ಹೊದಿಕೆಗೆ ತಾಗುವುದಿಲ್ಲ. ತಾಮ್ರದ ತುದಿಯಲ್ಲಿ ಕರಗಿದ ಮಣಿ ಕಂಡರೂ, ಬೇರೆಡೆ ಹುಟ್ಟಿದ ಬೆಂಕಿಯೇ ಹೊದಿಕೆ ಸುಟ್ಟು ಆಮೇಲೆ ಆರ್ಕ್ ಮೂಡಿಸಿರಬಹುದು. ಹಾಗಾಗಿ ಸರಣಿ ಆರ್ಕೇ ಕಾರಣವೆಂದು ನಾನು ಸಾಧಿಸುತ್ತಿಲ್ಲ. ಸುಡದ ಫ್ಯೂಸನ್ನು ವೈರಿಂಗಿನ ಪರ ಸಾಕ್ಷಿಯಾಗಿ ನಿಲ್ಲಿಸಬಾರದು ಎಂಬಷ್ಟೇ ನನ್ನ ವಾದ.

ಡಂಪರುಗಳ ಸ್ವಯಂಚಾಲಿತ ಅಗ್ನಿಶಾಮಕ ವ್ಯವಸ್ಥೆ ಪ್ರಾಣ ಉಳಿಸುತ್ತದೆ, ಆದರೆ ಅದು ಎಚ್ಚರಗೊಳ್ಳುವುದು ಬೆಂಕಿ ಹೊತ್ತಿದ ಮೇಲೆ. ಆರ್ಕನ್ನು ಮೊದಲೇ ಗುರುತಿಸಲು ಲೋಡಿನ ತುದಿಯಲ್ಲಿ ವೋಲ್ಟೇಜ್ ಅಳೆದು, ಫ್ಯೂಸಿನ ಬಳಿಯ ವೋಲ್ಟೇಜಿನೊಂದಿಗೆ ಹೋಲಿಸುವುದು ನೇರವಾದ ದಾರಿ. ಒದ್ದೆ ಕಲ್ಲಿದ್ದಲು ಧೂಳು, ಎಂಜಿನ್ ಎಣ್ಣೆ ಕೂಡಿ ಮೆತ್ತಿಕೊಂಡ ವೈರಿನ ಮೇಲೆ ಇಂಗಾಲದ ದಾರಿ ಮೂಡಿದರೆ 13 ವೋಲ್ಟಿನ ಮಿತಿ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಗಣಿಯ ಧೂಳನ್ನೇ ಬಳಸಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾಗಿದೆ.