ಮೇಬಲಳ ತಾಯಿ

ದೀಪ ಹಚ್ಚದವಳು ಮಕ್ಕಳಿಗೇನು ಸಂಸ್ಕಾರ ಕಲಿಸಿಯಾಳು ಎಂದು ನಮ್ಮಜ್ಜಿ ಅನ್ನುತ್ತಿದ್ದರು. ಆಗೆಲ್ಲ ನನಗೆ ಆನಿ ಬೆಸೆಂಟ್ ನೆನಪಾಗುತ್ತಾರೆ. ಹೋಂರೂಲ್ ಚಳವಳಿಯ ಹಿರಿಯಾಕೆಯಲ್ಲ, ಇಂಗ್ಲೆಂಡಿನ ಹಳ್ಳಿಯ ಪಾದ್ರಿಯ ಎಳೆಯ ಹೆಂಡತಿ.

1871ರಲ್ಲಿ ಹಸುಗೂಸು ಮೇಬಲ್ ನಾಯಿಕೆಮ್ಮಿನಿಂದ ಉಸಿರಿಗಾಗಿ ಒದ್ದಾಡಿತು. ಕರುಣಾಮಯಿ ದೇವರು ಇದನ್ನು ನೋಡುತ್ತ ಕೂತಿರುವನೇ? ಮಗು ಉಳಿಯಿತು, ನಂಬಿಕೆ ಉಳಿಯಲಿಲ್ಲ. 1873ರಲ್ಲಿ ಗಂಡನಿಂದ ಬೇರೆಯಾದಾಗ ಮಗ ಅಪ್ಪನಿಗೆ, ಮಗಳು ಅಮ್ಮನಿಗೆ ಎಂದು ಕರಾರಾಯಿತು.

1878ರಲ್ಲಿ ಗಂಡ ಕೋರ್ಟಿಗೆ ಹೋದ. ತಾಯಿ ನಾಸ್ತಿಕಳು, ಮಗಳಿಗೆ ಧರ್ಮ ಕಲಿಸುವುದಿಲ್ಲ, ಸಂತಾನ ನಿಯಂತ್ರಣದ ಪುಸ್ತಕ ಬೇರೆ ಪ್ರಕಟಿಸಿದ್ದಾಳೆ ಎಂದು ದೂರು. ಆಕೆಗೆ ಮಗಳ ಮೇಲೆ ನಿಜವಾದ ಪ್ರೀತಿಯಿದೆ ಎಂದು ನ್ಯಾಯಾಧೀಶ ಜೆಸೆಲರೇ ಒಪ್ಪಿದರು. (ಅವರು ಯೆಹೂದಿ, ಕ್ರಿಸ್ತನನ್ನು ಅವರೂ ನಂಬಿದವರಲ್ಲ!) ಆದರೂ ಮಗು ಅಪ್ಪನ ಪಾಲಾಯಿತು.

ಥಿಯಾಸಫಿ ಸೇರಿದ್ದು 1889ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, ಲಂಡನ್ನಿನ ಬೆಂಕಿಪೊಟ್ಟಣದ ಕಾರ್ಖಾನೆಯ ಹುಡುಗಿಯರ ಪರ ಆಕೆ ಬರೆದರು. ಪೆಟ್ಟಿಗೆ ಹೊತ್ತು ಹೊತ್ತು ಅವರ ನೆತ್ತಿಯ ಕೂದಲು ಸವೆದಿತ್ತು. ಆ ಕಂಪನಿಯ ಷೇರುದಾರರಲ್ಲಿ ಪಾದ್ರಿಗಳೂ ಇದ್ದರು. ನಿಮ್ಮ ಮಗಳ ತಲೆಯನ್ನೊಮ್ಮೆ ಸವರಿ ನೋಡಿ ಎಂದು ಅವರನ್ನು ಕೇಳಿದರು, ಮಗಳನ್ನು ಕಳೆದುಕೊಂಡಿದ್ದ ಈ ತಾಯಿ.

ಪ್ರಾಯಕ್ಕೆ ಬಂದ ಮೇಲೆ ಮೇಬಲ್ ತಾನಾಗಿಯೇ ಅಮ್ಮನ ಬಳಿಗೆ ಬಂದಳು.